ಎಪ್ಪತ್ತೆರಡನೆಯ ವಿಷಲ್

ಮಾರ್ಚ್ 2, ಭಾನುವಾರ. ಬೆಳಗ್ಗೆ 10

ಹಳೆಯ ಟೂತ್‌ಬ್ರಶ್‌ನಲ್ಲಿ ನಲವತ್ತು ಉಜ್ಜಿದ್ದಾಯಿತು. ಇನ್ನು ಮೂವತ್ತೊಂದು. ಊಟದ ಮೇಜಿನ ತುಂಬ ವಿಷಲ್‌ಗಳೇ — ಬಸ್ಸಿನವು, ರೈಲು ಗಾರ್ಡಿನವು, ತಗಡಿನದು, ಕೊಂಬಿನದು. ಕಂಡಕ್ಟರ್ ಕೆಲಸದಿಂದ ರಿಟೈರ್ ಆಗಿ ಆರು ವರ್ಷ. ಹುಚ್ಚು ಮಾತ್ರ ಸರ್ವಿಸಿನಲ್ಲೇ ಇದೆ.

"ರೀ, ನಿಮ್ಮ ಪೀಪಿ ಸಂಸಾರ ಎತ್ತಿಡಿ. ತಟ್ಟೆ ಎಲ್ಲಿಡಲಿ, ನಿಮ್ಮ ತಲೆ ಮೇಲಾ?" — ಇವಳು.

ಮನೆಯೊಳಗೆ ಊದುವಂತೆಯೂ ಇಲ್ಲ. ಮದುವೆಯಾದ ವರ್ಷ ಇವಳು ಮಾಡಿದ ಕಾನೂನು.

ಮಾರ್ಚ್ 5

ಮೈದಾನದಲ್ಲಿ ಫುಟ್‌ಬಾಲ್. ರೆಫರಿ ಒಬ್ಬ ಹೆಂಗಸು. ಆಟ ಯಾರಿಗೆ ಬೇಕು, ನನ್ನ ಕಣ್ಣೆಲ್ಲ ಅವರ ವಿಷಲ್ ಮೇಲೆ. ಮುಗಿದ ಮೇಲೆ, ಇಲ್ಲಿನ ಡಿಪೋದಲ್ಲಿ ಕಂಡಕ್ಟರಾಗಿದ್ದವನು ಅಂತ ಹೇಳಿಕೊಂಡು ಮಾತಾಡಿಸಿದೆ. ಅವರೂ ಕೂಡಿಡುತ್ತಾರಂತೆ! ತಾತ ಹಡಗಿನಲ್ಲಿದ್ದವರು. ನಾವಿಕರನ್ನು ಕರೆಯುವ ಉದ್ದನೆಯ ಹಿತ್ತಾಳೆ ವಿಷಲ್, ಎರಡಿವೆಯಂತೆ. ಹನ್ನೊಂದು ವರ್ಷದಿಂದ ನಾನು ಹುಡುಕುತ್ತಿರುವುದು ಅದನ್ನೇ.

"ಒಂದು ಕೊಡ್ತೀನಿ ಸಾರ್. ಬದಲಿಗೆ ನಿಮ್ಮ ಮೊಟ್ಟಮೊದಲ ವಿಷಲ್ ಕೊಡಿ."

ಕೆಲಸಕ್ಕೆ ಸೇರಿದ ದಿನ ಡಿಪೋದಲ್ಲಿ ಕೊಟ್ಟದ್ದು. ನನ್ನ ಹಲ್ಲಿನ ಗುರುತು ಇರುವುದು... ಯೋಚಿಸ್ತೀನಿ ಅಂದು ಜಾಗ ಖಾಲಿ ಮಾಡಿದೆ.

ಮಾರ್ಚ್ 6

ಕೊಡಲಾರೆ.

ಮಾರ್ಚ್ 7

ಕೊಟ್ಟುಬಿಡಲೇ? ಒಂದು ವಿಷಲ್ ತಾನೇ.

ಸಂಜೆ — ಬರೀ ವಿಷಲ್ ಅಲ್ಲ ಅದು.

ಮಾರ್ಚ್ 16, ಭಾನುವಾರ

ಇಷ್ಟು ದಿನ ಮೈದಾನದ ದಾರಿ ತಪ್ಪಿಸಿ ಸುತ್ತು ಹಾಕಿ ಓಡಾಡಿದೆ. ಇಂದು ಅವರೇ ಮನೆಗೆ ಬಂದುಬಿಟ್ಟರು, ಡಿಪೋದಲ್ಲಿ ವಿಳಾಸ ಕೇಳಿಕೊಂಡು. ಬಟ್ಟೆಯ ಸುರುಳಿ ಬಿಚ್ಚಿ ಹಿತ್ತಾಳೆಯದನ್ನು ಮೇಜಿನ ಮೇಲಿಟ್ಟರು. ಎಂಥ ಹೊಳಪು! ನನ್ನ ಕೈ ಜೇಬಿನಲ್ಲಿ, ಮೊದಲನೆಯದು ಮುಷ್ಟಿಯಲ್ಲಿ. ಬಿಡಿಸಲು ಬೆರಳು ಒಪ್ಪುತ್ತಿಲ್ಲ.

ಇವಳು ಚಹಾ ತಂದಳು. ವಿಷಯ ಕೇಳಿದಳು. ನನ್ನ ಮುಖ ನೋಡಿ ನಕ್ಕಳು.

"ಅದನ್ನ ಕೇಳಬೇಡಮ್ಮ, ಇವರ ಜೀವ ಅದರಲ್ಲಿದೆ. ಊದೋಕೆ ಇಷ್ಟೆಲ್ಲ ಸಾಮಾನು ಯಾಕೆ ಬೇಕು?"

ಎರಡು ಬೆರಳು ಬಾಯಿಗಿಟ್ಟಳು.

ಅಬ್ಬಾ! ಕಿಟಕಿಯ ಗಾಜು ನಡುಗಿತು. ನಾಯಿಗಳು ಬೊಗಳಿದವು. ಎದುರುಮನೆಯವರು ಬಾಗಿಲು ತೆರೆದು ಇಣುಕಿದರು. ಮೂವತ್ತಮೂರು ವರ್ಷ ಒಂದೇ ಸೂರಿನಡಿ — ನನಗೆ ಗೊತ್ತೇ ಇಲ್ಲ!

"ಯಾವಾಗ ಕಲಿತೆ?"

"ಐದನೇ ಕ್ಲಾಸಲ್ಲಿ. ಮದುವೆ ಆದಮೇಲೆ ನಿಮ್ಮಮ್ಮ, ಹೆಂಗಸರು ಸಿಳ್ಳೆ ಹಾಕಬಾರದು ಅಂದ್ರು. ನನಗಿಲ್ಲ ಅಂದಮೇಲೆ ನಿಮಗೂ ಇಲ್ಲ ಅಂತ ನಾನು..."

ನಾಚಿಕೆಯಾಯಿತು, ನಗುವೂ ಬಂತು.

ರೆಫರಿ ಎದ್ದೇ ನಿಂತಿದ್ದರು. "ಅಕ್ಕಾ, ಮಳೇಲಿ ನನ್ನ ವಿಷಲ್ ಕೈ ಕೊಡತ್ತೆ. ಇದನ್ನ ಕಲಿಸಿಬಿಡಿ. ಹಿತ್ತಾಳೇದು ನಿಮಗೇ."

ಇವಳು ಅದನ್ನು ನನ್ನತ್ತ ಸರಿಸಿದಳು. "ತಗೊಳ್ಳಿ. ಎಪ್ಪತ್ತೆರಡು."

ಮಾರ್ಚ್ 23

ಎರಡನೆಯ ಪಾಠ. ರೆಫರಿಗೆ ಬಂತು. ನನ್ನದು ಬರೀ ಉಗುಳು.

"ನಾಲಿಗೆ ಮಡಚ್ರೀ! ಅಷ್ಟು ವರ್ಷ ಬಸ್ಸು ನಿಲ್ಲಿಸಿದೋರಿಗೆ ಇಷ್ಟೂ ಬರಲ್ವಾ?"

ಮಾರ್ಚ್ 24. ಬೆಳಗ್ಗೆ 7

ಇವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಳೆ. ನಾನು ಕನ್ನಡಿಯ ಮುಂದೆ. ಗಾಳಿ... ಗಾಳಿ... ಉಗುಳು... ಬಂತು! ಸಣ್ಣದು, ಕುಕ್ಕರಿನ ಮರಿ ಕೂಗಿದ ಹಾಗೆ. ಆದರೂ ಬಂತು!

ಮೇಲಿಂದ ಉತ್ತರ. ಒಂದಲ್ಲ, ಎರಡು. ಎರಡು ಅಂದರೆ ನಮ್ಮ ಬಸ್ಸಿನ ಭಾಷೆಯಲ್ಲಿ 'ರೈಟ್, ಹೋಗಲಿ'. ನಾನೂ ಎರಡು ಕೊಡಬೇಕು. ಪೆನ್ನು ಕೆಳಗಿಟ್ಟು, ನಾಲಿಗೆ ಮಡಚಿ, ಇನ್ನೊಂದು ಸಲ—