ತಳ್ಳಿಕೊಂಡು ಹೋದರೂ ಅದು ಸೈಕಲ್ಲೇ

ನಗರದ ಸೈಕಲ್ ದಾರಿ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಕಾಲ ಮೇಲೆ ಕಾಲು ಹಾಕಿಕೊಂಡು ಓದುತ್ತಿದ್ದರೆ ಮೊದಲು ಕಾಲಿಳಿಸಿ ನೆಟ್ಟಗೆ ಕೂತುಕೊಳ್ಳಿ. ಅಧಿಕಾರಿಗೆ ಯಾರೋ ಮುದುಕಿ ಬೈಯುತ್ತಿದ್ದಾಳೆ, ಮಜಾ ನೋಡೋಣ ಎಂದು ಪತ್ರಿಕೆ ಬಿಡಿಸಿದವರಿಗೂ ಇದೇ ಮಾತು. ಕೆರೆಯ ಸುತ್ತ ಸೈಕಲ್ ದಾರಿಗೆಂದು ಹಸಿರು ಬಣ್ಣ ಬಳಿದ ದಿನ ಚಪ್ಪಾಳೆ ತಟ್ಟಿದವರು ನೀವೇ ತಾನೆ? ಆ ಕೈಯಲ್ಲೇ ಈಗ ಈ ಕಾಗದ ಹಿಡಿದು ಕೊನೆಯವರೆಗೆ ಓದಿ.

ಮಾನ್ಯರೇ, ಈಗ ನಿಮ್ಮ ಸರದಿ. ಕಾಲುವೆಯ ಸೇತುವೆಯನ್ನು ಸೈಕಲ್ ದಾರಿಯ ನಕ್ಷೆಯಿಂದ ನೀವು ಕೈಬಿಟ್ಟಿದ್ದೀರಿ. ಆ ಸೇತುವೆಯ ಮೇಲೆ ನನ್ನ ಮೊಮ್ಮಗಳ ಕೈ ಮುರಿಯಿತು. ಈಗ ಮೂಳೆ ಕೂಡಿದೆ, ಆದರೆ ಮುಂದಿನ ತಿಂಗಳ ಒಂದನೇ ತಾರೀಖಿಗೆ ಅವಳು ಅದೇ ಸೇತುವೆ ದಾಟಿ ಕೆಲಸಕ್ಕೆ ಹೋಗದಿದ್ದರೆ ಕೆಲಸವೂ ಕೈತಪ್ಪುತ್ತದೆ. ವಿಷಯ ಇಷ್ಟೇ. ಊರ ಶಾಲೆಯಲ್ಲಿ ಮೂರನೇ ತರಗತಿ ಮುಗಿಸಿದವಳು ನಾನು. ಇಷ್ಟನ್ನು ದಪ್ಪ ವರದಿಯಾಗಿ ಹಿಗ್ಗಿಸುವ ವಿದ್ಯೆ ನನಗೆ ಬಾರದು.

ನಿಮ್ಮ ಕೆರೆಯ ದಾರಿಯನ್ನು ನೋಡಿ ಬಂದೆ. ಅಂಗೈಯಷ್ಟು ನುಣುಪು. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಗಾಣದ ಎತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಮನುಷ್ಯರು ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುತ್ತಾರೆ ಎಂಬ ಸುದ್ದಿ ನಿಮ್ಮ ಕಚೇರಿಗೆ ಇನ್ನೂ ಮುಟ್ಟಿಲ್ಲವೇ? ಉದ್ಘಾಟನೆಯ ದಿನ ತಾವು ಹೆಲ್ಮೆಟ್ ಧರಿಸಿ, ಒಂದು ಸುತ್ತು ತುಳಿದು, ಫೋಟೋಗೆ ನಕ್ಕು, ಕಾರು ಹತ್ತಿದಿರಿ. ಸೈಕಲ್ಲೂ ಕಾರಿನ ಮೇಲೇರಿ ಮನೆಗೆ ಹೋಯಿತು. ಪಾಪ, ನಮ್ಮ ರಸ್ತೆಗಳ ಭಯ ಅದಕ್ಕೂ ಇರಬೇಕು.

ಸೇತುವೆಯನ್ನು ಏಕೆ ಬಿಟ್ಟಿರಿ ಎಂದು ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ವೇದಿಕೆಯಲ್ಲಿದ್ದ ನಿಮ್ಮ ಎಂಜಿನಿಯರು ನಾನು ಅಂಬೆಗಾಲಿಡುವ ಮಗು ಎಂಬಂತೆ ನಕ್ಕರು.

"ಅಜ್ಜಿ, ಆ ಸೇತುವೆ ಮೇಲೆ ಸೈಕಲ್ ತುಳಿಯೋರೇ ಇಲ್ಲ. ನಾವು ಜನ ಕೂರಿಸಿ ಎಣಿಸಿದ್ದೀವಿ."

"ತುಳಿಯೋದಿಲ್ಲ ಕಣಪ್ಪ, ಇಳಿದು ತಳ್ಕೊಂಡು ಹೋಗ್ತಾರೆ. ಜೀವದ ಮೇಲೆ ಆಸೆ ಇದೆ ನೋಡು, ಅದಕ್ಕೆ."

"ತಳ್ಳಿದ್ರೆ ಅವರು ಪಾದಚಾರಿಗಳ ಲೆಕ್ಕಕ್ಕೆ ಬರ್ತಾರೆ ಅಜ್ಜಿ."

ಸಭೆಯಲ್ಲಿ ಯಾರೂ ನಗಲಿಲ್ಲ. ನಗಬೇಕಿತ್ತು. ಸೇತುವೆಯ ಒಂದು ಪಕ್ಕಕ್ಕೆ ಗೋದಾಮಿನ ಲಾರಿಗಳು ಬೆಳಗಿನಿಂದ ಸಂಜೆಯವರೆಗೆ ಸಾಲಾಗಿ ನಿಂತಿರುತ್ತವೆ. ಉಳಿದ ಜಾಗದಲ್ಲಿ ಬಸ್ಸುಗಳು ಒಂದನ್ನೊಂದು ಉಜ್ಜಿಕೊಂಡು ನುಗ್ಗುತ್ತವೆ. ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುತ್ತೇನೆ: ಸೇತುವೆಯ ಬಾಯಿಗೆ ಬಂದೊಡನೆ ಎಲ್ಲರೂ ಇಳಿಯುತ್ತಾರೆ, ಕಂಬಿಗೆ ಅಂಟಿಕೊಂಡು ತಳ್ಳುತ್ತಾರೆ, ಆಚೆ ತುದಿಯಲ್ಲಿ ಮತ್ತೆ ಹತ್ತುತ್ತಾರೆ. ನಿಮ್ಮ ಎಣಿಕೆಯ ಮನುಷ್ಯ ಕೂತಿದ್ದದ್ದೂ ನಮ್ಮ ಮನೆಯ ಮೆಟ್ಟಿಲ ಮೇಲೇ, ಕೈಯಲ್ಲಿ ಗುಂಡಿ ಒತ್ತುವ ಒಂದು ಪುಟ್ಟ ಯಂತ್ರ ಹಿಡಿದು. ಸೈಕಲ್ಲುಗಳು ಕಣ್ಣೆದುರೇ ಹಾದುಹೋಗುತ್ತಿದ್ದವು, ಅವನ ಹೆಬ್ಬೆರಳು ಅಲುಗಲಿಲ್ಲ.

"ಏನಪ್ಪಾ, ಬೆರಳು ಉಳುಕಿದೆಯಾ?" ಎಂದೆ.

"ಮೇಲೆ ಕೂತು ಬಂದೋರಿಗೆ ಮಾತ್ರ ಒತ್ತು ಅಂದಿದ್ದಾರಮ್ಮ. ನನ್ನನ್ನ ಯಾಕೆ ಕೇಳ್ತೀರಾ, ನೀರು ಕೊಡಿ," ಎಂದ. ಕೊಟ್ಟೆ. ಅವನ ತಪ್ಪೇನಿದೆ?

ತಪ್ಪು ನಿಮ್ಮದು ಮಾನ್ಯರೇ. ತುಂಬಿದ ಹೊಳೆಯ ದಡದಲ್ಲಿ ನಿಂತವರನ್ನು ನೋಡಿ, ಇಲ್ಲಿ ಯಾರೂ ದಾಟುತ್ತಿಲ್ಲ, ಹಾಗಾಗಿ ದೋಣಿ ಬೇಡ ಎನ್ನುವ ಬುದ್ಧಿ ಇದು. ಇದಕ್ಕೆ ಎಷ್ಟು ವರ್ಷ ಓದಬೇಕಾಯಿತು? ಶಾಲೆ ಬಿಟ್ಟದ್ದಕ್ಕೆ ಇಷ್ಟು ದಿನ ಕೊರಗುತ್ತಿದ್ದೆ. ನಿಮ್ಮನ್ನು ನೋಡಿದ ಮೇಲೆ ಮನಸ್ಸು ಹಗುರವಾಯಿತು.

ಇನ್ನು ಮೊಮ್ಮಗಳ ಮಾತು. ಒಂದು ಕಡೆ ಕೂರುವವಳಲ್ಲ, ಅದಕ್ಕೇ ಮನೆಯಲ್ಲಿ ಅವಳನ್ನು ಮಿಡತೆ ಎನ್ನುತ್ತೇವೆ. ಕಾಲುವೆಯಾಚೆ ಕನ್ನಡಕದ ಗಾಜು ಅರೆಯುವ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಸೇತುವೆ ದಾಟುವ ಯಾವ ಬಸ್ಸೂ ಕಾರ್ಖಾನೆಯ ಕಡೆ ತಿರುಗುವುದಿಲ್ಲ, ನಡೆದು ಹೋಗಲು ದೂರ. ನನ್ನ ಮೂಗಿನ ಮೇಲಿರುವ ಗಾಜೂ ಅವಳು ಅರೆದದ್ದೇ. ನಿಮ್ಮ ನಕ್ಷೆಯ ಸಣ್ಣ ಅಕ್ಷರ ನನಗೆ ಕಂಡದ್ದು ಅದರ ದಯೆ. ಆ ದಿನ ಅವಳು ಎಲ್ಲರಂತೆ ಇಳಿದು ತಳ್ಳುತ್ತಿದ್ದಳು. ಸಾಲಿನಿಂದ ಹೊರಟ ಒಂದು ಲಾರಿಯ ಕನ್ನಡಿ ಭುಜಕ್ಕೆ ಬಡಿಯಿತು, ಹುಡುಗಿ ಕಂಬಿಯ ಮೇಲೆ, ಸೈಕಲ್ಲು ಹುಡುಗಿಯ ಮೇಲೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವಳು ಹೇಳಿದ ಮೊದಲ ಮಾತು: "ಅಜ್ಜಿ, ನಾನು ಇಳಿದು ತಳ್ಕೊಂಡೇ ಹೋಗ್ತಿದ್ದೆ. ಅಪ್ಪಂಗೆ ಹೇಳು, ಬೈಬಾರ್ದು ಅಂತ."

ಅವಳ ಅಪ್ಪ ಬೈಯಲಿಲ್ಲ. ಸೈಕಲ್ಲಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ. ನಾನು ಜಗಳಕ್ಕೆ ಹೋದೆ.

"ಕಾರ್ಖಾನೆ ಯಜಮಾನ ಒಂದನೇ ತಾರೀಖಿನವರೆಗೆ ಕಾಯ್ತೀನಿ ಅಂದಿದ್ದಾನೆ ಕಣೋ. ಆಮೇಲೆ ಬೇರೆಯವರನ್ನ ತಗೋತಾನೆ. ಮಗು ಮುಖ ನೋಡಿದ್ಯಾ?"

"ನೋಡಿದ್ದೀನಿ. ಕೆಲಸ ಹೋದ್ರೆ ಇನ್ನೊಂದು ಹುಡುಕಬಹುದಮ್ಮ. ಅವಳೇ ಹೋದ್ರೆ?"

ನನ್ನ ನಾಲಗೆ ಎಂಥದ್ದು ಎಂದು ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅವತ್ತು ಜಗಳ ಅಲ್ಲಿಗೇ ಬಿಟ್ಟು ಚಪ್ಪಲಿ ಮೆಟ್ಟಿದೆ.

ಹಾಗಾಗಿ ನಿಮ್ಮ ಕಚೇರಿಗೇ ಬಂದೆ. ಮಿಡತೆಯನ್ನೂ ಕರೆತಂದಿದ್ದೆ, ಆಗಿನ್ನೂ ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿರಲಿಲ್ಲ. ತಾವು ಕುರ್ಚಿಯಿಂದ ಏಳದೆ ಅಪ್ಪಣೆ ಕೊಡಿಸಿದಿರಿ: "ನೋಡಿ ಅಜ್ಜಿ, ಆ ಸೇತುವೆ ಮೇಲೆ ಇದುವರೆಗೆ ಒಂದೂ ಸೈಕಲ್ ಅಪಘಾತ ಆಗಿಲ್ಲ. ಇವರದ್ದು ಪಾದಚಾರಿ ಅಪಘಾತ. ಅದು ಬೇರೆ ವಿಭಾಗ."

ಕೈಯಲ್ಲಿ ಸೈಕಲ್ ಹಿಡಿದಿದ್ದಳಲ್ಲ ಸ್ವಾಮಿ, ಅದೇನು ಕೊಡೆಯೇ? ಅವಳು ಬೀಳುವಾಗ ಯಾವ ವಿಭಾಗಕ್ಕೆ ಬೀಳಬೇಕೆಂದು ನಿಮ್ಮನ್ನು ಕೇಳಿಕೊಂಡು ಬೀಳಬೇಕಿತ್ತೇ? ಹತ್ತಿ ತುಳಿದು ಲಾರಿಯಡಿ ಸಿಕ್ಕಿದ್ದರೆ ನಿಮ್ಮ ಲೆಕ್ಕಕ್ಕೆ ಬರುತ್ತಿದ್ದಳು. ಇಳಿದು ಜೀವ ಉಳಿಸಿಕೊಂಡಳು, ಅದಕ್ಕೆ ಲೆಕ್ಕದಿಂದ ಹೊರಗೆ. ನಿಮ್ಮ ಪುಸ್ತಕದಲ್ಲಿ ಸೈಕಲ್ ಸವಾರರಾಗಲು ನಾವು ಸಾಯಬೇಕು ಎಂದಾದರೆ, ಅದನ್ನಾದರೂ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಬರೆಸಿಬಿಡಿ.

ಹೊಸ ಸೇತುವೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಸಾಲುಗಟ್ಟಿ ನಿಂತ ಲಾರಿಗಳನ್ನು ಎಬ್ಬಿಸಿ ಗೋದಾಮಿನ ಅಂಗಳಕ್ಕೆ ಕಳಿಸಿ. ಅಂಗಳ ಖಾಲಿ ಬಿದ್ದಿದೆ. ಆ ಜಾಗಕ್ಕೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಬಸ್ಸು ಒಳಗೆ ನುಗ್ಗದಂತೆ. ಅದರೊಳಗೆ ಸೈಕಲ್ಲಿನವರು ಹೋಗಲಿ, ತುಳಿಯುವವರು ತುಳಿಯಲಿ, ತಳ್ಳುವವರು ತಳ್ಳಲಿ. ಬಣ್ಣ ಬಳಿಯದಿದ್ದರೂ ನಡೆಯುತ್ತದೆ. ಕಟ್ಟೆ ಎದ್ದ ದಿನ ಕೀಲಿ ಕೊಡುತ್ತೇನೆ ಎಂದು ಮಗ ಒಪ್ಪಿದ್ದಾನೆ. ಅದಕ್ಕೆ ಮುಂಚೆ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಹುಡುಗಿ ಮಾತ್ರ ದಿನಾ ಬೆಳಿಗ್ಗೆ ಕೆಲಸದ ಅಂಗಿ ತೊಟ್ಟು ಬಾಗಿಲಲ್ಲಿ ಕೂರುತ್ತಾಳೆ.

ಪರಿಶೀಲಿಸಲಾಗುವುದು, ಗಮನಕ್ಕೆ ತರಲಾಗುವುದು ಎಂಬ ಮಾತು ನನಗೆ ಬೇಡ. ಲಾರಿಗಳನ್ನು ಯಾವ ದಿನ ಎಬ್ಬಿಸುತ್ತೀರಿ, ಕಟ್ಟೆ ಯಾವ ದಿನ ಏಳುತ್ತದೆ, ಎರಡು ತಾರೀಖು ಬರೆದು ಸಹಿ ಹಾಕಿ ಕಳಿಸಿ.

ಇಂತಿ,
ಮಗನ ಪ್ರಶ್ನೆಗೆ ಉತ್ತರ ಸಿಗದೆ ನಿಮ್ಮಂಥವರನ್ನೂ ಕೇಳಬೇಕಾಗಿ ಬಂದ
ಸೇತುವೆ ಬದಿಯ ಮನೆಯ ಅಜ್ಜಿ

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು. ಬರೆಯಿರಿ.