ಎಡರೆಕ್ಕೆಯ ಮೇಲಿನ ಬಿಳುಪು

ಸ್ಪಿತಿ ಕಣಿವೆಯ ಕನ್ನಡದೂರು,
ಇಸವಿ ೨೨೧೭, ಹದಿಮೂರನೆಯ ತಿಂಗಳ ನಾಲ್ಕು

ವಿಮಾನ ಹಾರಿಸಲು ಕಲಿಸುವ ಗುರುಗಳೇ,

ನಿಮ್ಮ ಪಂಚಾಂಗದಲ್ಲಿಲ್ಲದ ತಿಂಗಳಿನಿಂದ ಬರೆಯುತ್ತಿದ್ದೇನೆ. ಇಲ್ಲಿನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಳೆದ ಕಾಲಕ್ಕೆ ಒಂದೇ ಒಂದು ಹಾಳೆ ಒಯ್ಯುವ ಅಂಚೆಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಈ ಕಾಗದ ಅದರಲ್ಲಿ ಬರುತ್ತಿದೆ.

ನಾನು ವಾರಿಜಾ ಕುಂದಗೋಳ, ಸಹಚಾಲಕಿ. ಬಯಲುಸೀಮೆಯ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಹಿಮಾಲಯದ ಈ ನಾಡಿಗೆ ಬಂದರು. ಗಾಜಿನ ಛಾವಣಿಯಡಿ ಜೋಳ ಬೆಳೆದು ರೊಟ್ಟಿ ಬಡಿಯುತ್ತೇವೆ. ರಸ್ತೆಗಳೆಲ್ಲ ಕುಸಿದಿವೆ; ಉಪ್ಪು, ಔಷಧ, ರೋಗಿಗಳು ಎಲ್ಲವೂ ವಿಮಾನದಲ್ಲೇ ಹೋಗಿಬರಬೇಕು. ರೆಕ್ಕೆಗಳಿಗೆ ಬಿಸಿದೊಗಲು ಹೊದಿಸಿರುತ್ತಾರೆ. ಮಂಜುಗಡ್ಡೆ ಕೂತ ಕೂಡಲೇ ಕಾದು ಕರಗಿಸುವ ತೆಳು ಹೊದಿಕೆ ಅದು. ಅದು ಬಂದು ಎಂಬತ್ತು ವರ್ಷ. ಅಂದಿನಿಂದ ಮಂಜುಗಡ್ಡೆಯ ಪಾಠವನ್ನೇ ಕೈಬಿಟ್ಟರು. ವಿಮಾನವನ್ನು ಯಂತ್ರ ನಡೆಸುತ್ತದೆ, ನಾವು ಎದುರಿನ ಸೂಚನೆಗಳ ಫಲಕ ನೋಡುತ್ತ ಕೂರುತ್ತೇವೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಹೆರಿಗೆ ಕಷ್ಟವಾಗಿದ್ದ ನೀಲವ್ವ ಎಂಬವಳನ್ನು ಕೆಳನಾಡಿನ ಆಸ್ಪತ್ರೆಗೆ ಒಯ್ಯುತ್ತಿದ್ದೆವು. ಚಾಲಕರು ಈರಪ್ಪ ಮುಗಳಿ, ಮೂವತ್ತು ವರ್ಷ ಹಾರಿದವರು. ಮೋಡ ಹೊಕ್ಕ ಸ್ವಲ್ಪ ಹೊತ್ತಿಗೆ ಎಡರೆಕ್ಕೆಯ ಅಂಚು ಬೆಳ್ಳಗಾಗತೊಡಗಿತು.

“ಸರ, ಎಡಗಡಿ ರೆಕ್ಕಿ ಮ್ಯಾಲ ಏನೋ ಕುಂತೈತ್ರಿ,” ಎಂದೆ.

“ಫಲಕ ಏನೂ ಹೇಳವಲ್ದಲ್ಲವಾ. ಬಿಸಿದೊಗಲು ನಡದೈತಿ ಅಂತ ತೋರಸಾಕತ್ತೈತಿ ನೋಡು,” ಎಂದರು.

ಫಲಕ ಸುಳ್ಳು ಹೇಳಿರಲಿಲ್ಲ. ತೊಗಲಿಗೆ ವಿದ್ಯುತ್ ಹೋಗುತ್ತಿದೆಯೇ ಎಂದಷ್ಟೇ ಅದಕ್ಕೆ ಗೊತ್ತು, ತೊಗಲು ಕಾದಿದೆಯೇ ಎಂದು ಗೊತ್ತಿಲ್ಲ. ಎತ್ತರ ಉಳಿಸಿಕೊಳ್ಳಲು ಯಂತ್ರ ಮೂತಿಯನ್ನು ಚೂರು ಚೂರೇ ಮೇಲೆತ್ತುತ್ತಿತ್ತು, ವೇಗ ಇಳಿಯುತ್ತಿತ್ತು. ಇದರ ಅರ್ಥ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಯಂತ್ರ ಹಾರಿಸುವುದನ್ನೇ ಕೈಬಿಟ್ಟಿತು. ಎಡರೆಕ್ಕೆ ಧಡಕ್ಕನೆ ವಾಲಿತು. ಮೂತಿ ಎತ್ತಲೆಂದು ಈರಪ್ಪನವರು ಹಿಡಿಕೆಯನ್ನು ಎದೆಗೆಳೆದುಕೊಂಡರು. ಎಳೆದಷ್ಟೂ ಬಿದ್ದೆವು. ಅದನ್ನು ಕಂಡೇ ನಾನು ಅವರ ಕೈ ತಳ್ಳಿ ಮೂತಿಯನ್ನು ಕೆಳಗೆ ಮಾಡಿದೆ, ಕಲಿತು ಮಾಡಿದ್ದಲ್ಲ. ರೆಕ್ಕೆಗೆ ಗಾಳಿ ಸಿಕ್ಕಿತು, ಆದರೆ ಅಷ್ಟರಲ್ಲಿ ನೆಲವೇ ಬಂದಿತ್ತು.

ಹೊಳೆಯ ಮರಳಿಗೆ ಹೊಟ್ಟೆಯುಜ್ಜಿ ನಿಂತೆವು. ಈರಪ್ಪನವರು ಕೂತಲ್ಲೇ ತೀರಿಕೊಂಡಿದ್ದರು. ನೀಲವ್ವ ಮುರಿದ ವಿಮಾನದೊಳಗೇ ಹೆತ್ತಳು. ಹೆಣ್ಣುಮಗು. ಊರಿನವರು ನಡೆದು ಬಂದು ತಲುಪುವಷ್ಟರಲ್ಲಿ ತಾಯಿಯ ಮೈ ನನ್ನ ತೊಡೆಯ ಮೇಲೆ ತಣ್ಣಗಾಗಿತ್ತು.

ಹಾರಾಟ ಮಂಡಳಿಯ ಅಧ್ಯಕ್ಷೆಗೆ ಎಲ್ಲ ಹೇಳಿದೆ. “ಫಲಕ ಬರೋಬ್ಬರಿ ಇತ್ತವಾ. ಈರಪ್ಪಗ ವಯಸ್ಸಾಗಿತ್ತು, ಅಷ್ಟ,” ಎಂದರು. ಮೊನ್ನೆ ಇನ್ನೊಂದು ವಿಮಾನ ಹೊರಟಾಗ ನಾನು ಓಡುದಾರಿಗೆ ಅಡ್ಡ ಮಲಗಿದೆ. ಎತ್ತಿ ಪಕ್ಕಕ್ಕೆ ಹಾಕಿದರು. ಆ ವಿಮಾನ ಇನ್ನೂ ಬಂದಿಲ್ಲ. ಹಾರಾಟ ನಿಲ್ಲಿಸಿದರೆ ಔಷಧವಿಲ್ಲದೆ ಊರೇ ಸಾಯುತ್ತದೆ, ಅದೂ ನಿಜ. ಈಗ ನೀಲವ್ವನ ಮಗುವಿಗೆ ಉಸಿರು ಕಟ್ಟುತ್ತಿದೆ, ಉಳಿದಿರುವ ಚಾಲಕಿ ನಾನೊಬ್ಬಳೇ. ನಾಳೆ ಮಧ್ಯಾಹ್ನ ಹೊರಡಬೇಕು, ಅದೇ ಮೋಡದೊಳಗೆ.

ಗುರುಗಳೇ, ನಿಮ್ಮ ಕೈಗಳಿಗೆ ಗೊತ್ತಿರುವುದನ್ನು ನನಗೆ ಕೊಡಿ. ಯಾವ ಮೋಡದಲ್ಲಿ ಗಡ್ಡೆ ಕಟ್ಟುತ್ತದೆ? ವೇಗ ಎಷ್ಟಿರಬೇಕು? ಯಂತ್ರವನ್ನು ಯಾವಾಗ ಬಿಡಿಸಿ ನಾನೇ ಹಿಡಿಯಬೇಕು? ಯಾವಾಗ ಹಿಂದಿರುಗಬೇಕು? ಹಿಂದಂಚೆ ಹಿಂದಕ್ಕೆ ಮಾತ್ರ ಹೋಗುತ್ತದೆ, ಉತ್ತರ ತರುವುದಿಲ್ಲ. ಆದ್ದರಿಂದ ತಾಮ್ರದ ತಗಡಿನ ಮೇಲೆ ಕೊರೆಸಿ, ಪಿನ್ ನದಿ ಸ್ಪಿತಿ ನದಿಯನ್ನು ಸೇರುವಲ್ಲಿ, ದಂಡೆಯ ದೊಡ್ಡ ಕರಿಬಂಡೆಯ ಬುಡದಲ್ಲಿ ಆಳವಾಗಿ ಹೂತಿಡಿ. ದೂರವಾಯಿತೆಂದು ಬಿಡಬೇಡಿ, ನಿಮಗೆ ಇನ್ನೂರು ವರ್ಷ ಸಮಯವಿದೆ.

ನನಗಿರುವುದು ನಾಳೆ ಮಧ್ಯಾಹ್ನದವರೆಗೆ. ಈ ಕಾಗದ ಅಂಚೆಗೆ ಹಾಕಿ, ಗುದ್ದಲಿ ತೆಗೆದುಕೊಂಡು ಆ ಬಂಡೆಯ ಹತ್ತಿರ ಹೋಗುತ್ತಿದ್ದೇನೆ.

ವಾರಿಜಾ