ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಕಾರ್ಡಿಗಾಗಿ

ಪೂರ್ವ ಕ್ಯೂಬಾದ ವೈದ್ಯಕೀಯ ಉಪಕರಣ ಉಗ್ರಾಣದ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಬೆಟ್ಟದೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನದ ಕೂಸೊಂದು ಕಾಮಾಲೆಯಿಂದ ಹಳದಿಯಾಗಿ ಮಲಗಿದೆ. ಕಾಮಾಲೆ ಇಳಿಸಲು ಅದರ ಮೇಲೆ ಉರಿಯಬೇಕಾದ ನೀಲಿ ಎಲ್‌ಇಡಿ ದೀಪ ಆರಿದೆ. ದೀಪಕ್ಕೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ, ಬೆಂಕಿಪೊಟ್ಟಣದಷ್ಟು ಗಾತ್ರದ ಕಾರ್ಡು ನಿಮ್ಮ ಕಪಾಟಿನಲ್ಲಿ ಸುಖವಾಗಿದೆ. ಕೂಸು ನನ್ನ ಮಗಳು ಯಾನೆಲಿಸಳದು.

ನಾನು ಜಗಲಿಯಲ್ಲಿ ಮೇಜು ಹಾಕಿಕೊಂಡು ಲೈಟರಿಗೆ ಗ್ಯಾಸ್ ತುಂಬುವವನು, ಫ್ಯಾನು ದೀಪ ರಿಪೇರಿ ಮಾಡುವವನು. ಎಲ್‌ಇಡಿ ಹೊಟ್ಟೆಬಾಕ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತಿರಬೇಕು. ತಡೆಯುವವರಿಲ್ಲದಿದ್ದರೆ ಸಿಕ್ಕಷ್ಟೂ ಕರೆಂಟು ನುಂಗಿ ಸುಟ್ಟುಹೋಗುತ್ತದೆ. ಹೋದ ವರ್ಷ ಒಂದು ದಿನ, ಹೋಗಿದ್ದ ಕರೆಂಟು ಒಮ್ಮೆಲೇ ಜೋರಾಗಿ ಬಂದು ಹಳೆಯ ಕಾರ್ಡು ಸುಟ್ಟುಹೋಯಿತು. ನಿಯಮದಂತೆ ಅದನ್ನು ನಿಮಗೆ ಒಪ್ಪಿಸಿ ಕಾಯುತ್ತಾ ಕುಳಿತೆವು. ಆ ಮಧ್ಯೆ ನಾನು ಸೋವಿಯತ್ ಕಾಲದ ಟೀವಿಗಳಿಂದ ಕಿತ್ತ, ಕರೆಂಟು ತಡೆಯುವ ರೆಸಿಸ್ಟರುಗಳನ್ನು ಮೂರು ಎಲ್‌ಇಡಿಗೊಂದರಂತೆ ಬೆಸೆದು, ಟ್ರಕ್ಕಿನ ಬ್ಯಾಟರಿಗೆ ಜೋಡಿಸಿದೆ. ಒಂಬತ್ತು ಮಕ್ಕಳು ಗುಣವಾಗಿ ಮನೆಗೆ ಹೋದರು.

ಆಮೇಲೆ ತಪ್ಪು ಮಾಡಿದವನೂ ನಾನೇ. ಒಂದು ಎಲ್‌ಇಡಿ ಸತ್ತಿತು. ಅಡುಗೆಮನೆಯ ಬಲ್ಬಿಗೆ ಇಲ್ಲಿ ಎಲ್ಲರೂ ಮಾಡುವಂತೆ, ಸತ್ತದ್ದರ ಮೇಲೆ ಒಂದು ಹನಿ ಬೆಸುಗೆ ಬಿಟ್ಟು ಸೇತುವೆ ಕಟ್ಟಿದೆ. ಮೂರಿದ್ದಲ್ಲಿ ಎರಡೇ ಉಳಿದವು, ಅವುಗಳಲ್ಲಿ ಹರಿಯುವ ಕರೆಂಟು ಇಮ್ಮಡಿಯಾಯಿತು.

"ಅಯ್ಯೋ, ಎಷ್ಟ್ ಚೆನ್ನಾಗ್ ಉರೀತಿದೆ ನೋಡಿ ಇದಾಲ್ಬೆರ್ತೊ! ಹೊಸದಕ್ಕಿಂತ ಜೋರು!" ಎಂದು ನರ್ಸ್ ಮಿಗ್ದಾಲಿಯಾ ಕಾಫಿ ಕೊಟ್ಟಳು. ನಾನು ಉಬ್ಬಿಹೋದೆ. ಆ ಎರಡೂ ಸುಟ್ಟುಹೋದವು, ಎಲ್‌ಇಡಿಗಳನ್ನು ಕೂರಿಸಿದ ತಗಡಿಗೆಲ್ಲ ಕಾವು ಹರಡಿ ಪಕ್ಕದ ಸಾಲಿನದೊಂದೂ ಹೋಯಿತು. ಬುದ್ಧಿ ಬರಲಿಲ್ಲ, ಅದಕ್ಕೂ ಸೇತುವೆ ಕಟ್ಟಿದೆ. ಮೂರು ವಾರದಲ್ಲಿ ದೀಪದ ತಗಡು ಪೂರ್ತಿ ಕಪ್ಪಾಯಿತು.

ಈಗ ನೀವು ದೊಡ್ಡ ಮನಸ್ಸು ಮಾಡಿ ಹೊಸ ದೀಪದ ತಗಡು ಕಳಿಸಿದ್ದೀರಿ. ಕಾರ್ಡು ಕಳಿಸಿಲ್ಲ. ಫೋನ್ ಮಾಡಿದೆ.

"ಹಳೇ ಕಾರ್ಡ್ ತಂದ್ಕೊಟ್ಟು ಹೊಸದು ತಗೊಂಡ್ ಹೋಗಿ ಅಜ್ಜಾ," ಎಂದಳು ನಿಮ್ಮ ಗುಮಾಸ್ತೆ.

"ಹಳೇದು ನಿಮ್ಮ ಹತ್ರಾನೇ ಇದೆಯಲ್ಲಮ್ಮಾ! ರಸೀತಿ ಇದೆ ನನ್ ಕೈಲಿ."

"ಅದು ಹೋದ ವರ್ಷದ ಕಡತ. ಮುಚ್ಚಿಬಿಟ್ಟಿದೀವಿ. ಈ ವರ್ಷದ್ದೊಂದು ತನ್ನಿ."

ಈ ವರ್ಷ ಸುಡಲು ಕಾರ್ಡು ಎಲ್ಲಿತ್ತು ಮಾನ್ಯರೇ? ನಾನು ಬೆಸೆಯುವ ಎರಡು ಕಾಸಿನ ರೆಸಿಸ್ಟರಿಗೂ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ತಡೆಯುವ ವಿವೇಕವಿದೆ. ನಿಮ್ಮ ಕಚೇರಿ ಎಲ್ಲವನ್ನೂ ತಡೆಯುತ್ತದೆ. ಮಳೆಗೆ ರಸ್ತೆ ಕುಸಿದಿದೆ, ಆಂಬುಲೆನ್ಸಿಗೆ ಇಂಧನವಿಲ್ಲ, ಆರು ದಿನದಿಂದ ಬಿಸಿಲಿಲ್ಲ. ಯಾನೆಲಿಸ್ ಕೂಸನ್ನು ಕಿಟಕಿಗೆ ಹಿಡಿದು ನಿಂತಿದ್ದಾಳೆ. ನಿನ್ನೆಯಿಂದ ಅದು ಹಾಲು ಕುಡಿಯಲೂ ಎಚ್ಚರವಾಗುತ್ತಿಲ್ಲ. ನನಗೆ ಭಯವಾಗುತ್ತಿದೆ.

"ಅಪ್ಪಾ, ನೀನೇ ಏನಾದ್ರೂ ಜೋಡ್ಸಿ ಹಚ್ಚು. ನಿನ್ ಕೈಮೇಲೆ ನಂಗೆ ನಂಬಿಕೆ ಇದೆ," ಎಂದಳು. ಹೊಸ ತಗಡಿಗೆ ಎಷ್ಟು ಕರೆಂಟು ಕೊಡಬೇಕೆಂದು ಪೆಟ್ಟಿಗೆಯಲ್ಲಿ ಬರೆದಿಲ್ಲ. ನನ್ನ ಅಂದಾಜು ತಪ್ಪಿದರೆ ಇನ್ನೊಂದು ತಗಡಿಲ್ಲ. ಹಿಂದಿನ ದೀಪ ಸುಟ್ಟವನು ನಾನೇ ಎಂದು ಅವಳಿಗೆ ತಿಳಿಯದು.

ಈ ಪತ್ರ ತರುವ ಅಂಚೆಯವನ ಮೋಟಾರುಬೈಕು ಕುಸಿದ ರಸ್ತೆಯನ್ನೂ ದಾಟಿ ಬರುತ್ತದೆ. ನಾಳೆ ಬೆಳಿಗ್ಗೆ ಅವನ ಚೀಲದಲ್ಲಿ ಕಾರ್ಡು ಹಾಕಿ ಕಳಿಸಿ. ಈ ಪತ್ರದ ಪ್ರತಿಯನ್ನು ಆಸ್ಪತ್ರೆಯ ಬಾಗಿಲಿಗೂ ಅಂಟಿಸಿದ್ದೇನೆ, ಇನ್ನು ಸ್ವಲ್ಪ ಹೊತ್ತಿಗೆ ನನ್ನ ಮಗಳೂ ಓದುತ್ತಾಳೆ. ನನ್ನ ತಪ್ಪನ್ನು ನಾನು ಊರೆದುರು ಒಪ್ಪಿಕೊಂಡೆ. ನಿಮ್ಮದನ್ನು ನೀವು ಒಪ್ಪಬೇಕಾಗಿಲ್ಲ. ಕಾರ್ಡು ಕಳಿಸಿ, ಸಾಕು.

ಇಂತಿ,
ಮಗಳ ಮುಖ ನೋಡಲಾರದೆ ಜಗಲಿಯಲ್ಲಿ ಕುಳಿತಿರುವ
ಇದಾಲ್ಬೆರ್ತೊ, ದೀಪ ರಿಪೇರಿಯವನು